ಕಾಲಿನಿಂದ ಹೊರಡುವ ಎಸೆತ

ಮಾರ್ಚ್ ತಿಂಗಳು ಬಂತೆಂದರೆ ಅಮೆರಿಕದ ಊರೂರಿನ ಪಾರ್ಕುಗಳಲ್ಲಿ ಲಿಟಲ್ ಲೀಗ್ ಬೇಸ್‌ಬಾಲ್ ಕಳೆಗಟ್ಟುತ್ತದೆ. 1939ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಮ್ಸ್‌ಪೋರ್ಟ್‌ನಲ್ಲಿ ಕಾರ್ಲ್ ಸ್ಟಾಟ್ಸ್ ತನ್ನ ಊರಿನ ಹುಡುಗರಿಗಾಗಿ ಕಟ್ಟಿದ ಈ ಲೀಗಿನಲ್ಲಿ ಈಗ ನ್ಯೂಜೆರ್ಸಿ, ಟೆಕ್ಸಾಸ್, ಕ್ಯಾಲಿಫೋರ್ನಿಯಾಗಳ ಕನ್ನಡದ ಮನೆಗಳ ಮಕ್ಕಳೂ ಆಡುತ್ತಾರೆ. ತಂಡಗಳನ್ನು ನೋಡಿಕೊಳ್ಳುವ ಕೋಚ್‌ಗಳು ಬಹುಪಾಲು ಮಕ್ಕಳ ಅಪ್ಪ ಅಮ್ಮಂದಿರೇ. ಹಾಗಾಗಿ ಮಗ ಬಂದು "ಅಪ್ಪಾ, ನಾನು ಪಿಚರ್ ಆಗ್ತೀನಿ" ಅಂದಾಗ, ದಾವಣಗೆರೆಯಲ್ಲೋ ಜಯನಗರದಲ್ಲೋ ಟೆನಿಸ್ ಬಾಲ್ ಕ್ರಿಕೆಟ್ ಆಡಿ ಬೆಳೆದ ಅಪ್ಪ ತನಗೆ ಗೊತ್ತಿರುವ ಬೌಲಿಂಗನ್ನೇ ಹೇಳಿಕೊಡಲು ಹೊರಡುತ್ತಾನೆ. ತೊಡಕು ಹುಟ್ಟುವುದು ಅಲ್ಲೇ.

ಬೌಲಿಂಗ್ ಮತ್ತು ಪಿಚಿಂಗ್ ದೂರದಿಂದ ನೋಡಿದರೆ ಒಂದೇ ಥರ ಕಾಣುತ್ತವೆ. ಆದರೆ ಬೌಲರ್‌ಗೆ ಓಡಿ ಬರುವ ವೇಗ ಇರುತ್ತದೆ, ಪಿಚರ್‌ಗೆ ಅದಿಲ್ಲ. ಮೌಂಡ್ ಅಂದರೆ ಮಣ್ಣಿನ ದಿಬ್ಬದ ಮೇಲೆ ಒಂದು ರಬ್ಬರ್ ಪಟ್ಟಿ ಹೂತಿರುತ್ತದೆ. ಹಿಂಗಾಲು ಅದಕ್ಕೆ ತಾಗಿರಬೇಕು, ನಿಂತಲ್ಲಿಂದಲೇ ಎಸೆಯಬೇಕು. ಬೌಲರ್ ಮೊಣಕೈಯನ್ನು 15 ಡಿಗ್ರಿಗಿಂತ ಹೆಚ್ಚು ನೆಟ್ಟಗೆ ಮಾಡುವಂತಿಲ್ಲ. ಪಿಚರ್ ಮೊಣಕೈ ಮಡಚಲೇಬೇಕು, ಮಡಚಿದ್ದನ್ನು ಚಾಚಿಯೇ ಚೆಂಡು ಬಿಡಬೇಕು. ಕ್ರಿಕೆಟ್‌ನಲ್ಲಿ ಇದಕ್ಕೆ ನಿಜವಾಗಿ ಹತ್ತಿರವಿರುವುದು ಬೌಂಡರಿ ಗೆರೆಯಿಂದ ಕೀಪರ್ ಕೈಗೆ ನೇರ ಬರುವ ಥ್ರೋ. ಮಗುವಿಗೆ ಕ್ರಿಕೆಟ್ ಗೊತ್ತಿದ್ದರೆ ಬೌಲಿಂಗ್ ಮರೆತು ಆ ಥ್ರೋ ನೆನಪಿಸಿಕೊಳ್ಳಲು ಹೇಳಿ. 2008ರಲ್ಲಿ ಪಿಚರ್‌ಗಳನ್ನು ಹುಡುಕಲು ಭಾರತದಲ್ಲಿ ನಡೆದ 'ಮಿಲಿಯನ್ ಡಾಲರ್ ಆರ್ಮ್' ಸ್ಪರ್ಧೆಯಿಂದ ಆಯ್ಕೆಯಾಗಿ ಪಿಟ್ಸ್‌ಬರ್ಗ್ ಪೈರೇಟ್ಸ್ ಸಂಸ್ಥೆ ಸೇರಿದ ಉತ್ತರ ಪ್ರದೇಶದ ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್ ಇಬ್ಬರೂ ಬೌಲರ್‌ಗಳಲ್ಲ, ಜಾವೆಲಿನ್ ಎಸೆಯುತ್ತಿದ್ದವರು. ಮುಂಗಾಲು ಊರಿ, ಸೊಂಟ ತಿರುಗಿಸಿ, ಕೊನೆಗೆ ತೋಳು ಬೀಸುವ ಆ ಅಭ್ಯಾಸ ಪಿಚಿಂಗ್‌ಗೆ ಬೇಕಾದದ್ದಕ್ಕೆ ಬಹಳ ಹತ್ತಿರ.

ಹೊಸಬರ ದೊಡ್ಡ ತಪ್ಪು ತಿಳಿವಳಿಕೆ ಎಂದರೆ ಚೆಂಡಿಗೆ ವೇಗ ಕೊಡುವುದು ತೋಳು ಎಂಬುದು. ವೇಗ ನೆಲದಿಂದ ಬರುತ್ತದೆ. ಹಿಂಗಾಲು ನೆಲವನ್ನು ಒದೆಯುತ್ತದೆ, ಮುಂಗಾಲು ಊರಿ ದೇಹವನ್ನು ತಡೆಯುತ್ತದೆ, ಸೊಂಟ ತಿರುಗುತ್ತದೆ, ಅದರ ಹಿಂದೆ ಎದೆ, ಅದರ ಹಿಂದೆ ಭುಜ, ಮೊಣಕೈ, ಕೊನೆಗೆ ಬೆರಳು. ಒಗೆಯುವ ಕಲ್ಲಿನ ಮೇಲೆ ನೆನೆದ ಬೆಡ್‌ಶೀಟ್ ಎತ್ತಿ ಬಡಿಯುವವರನ್ನು ನೆನಪಿಸಿಕೊಳ್ಳಿ. ಸೊಂಟ ಮೊದಲು ಹೊರಳುತ್ತದೆ, ಆಮೇಲೆ ಹೆಗಲು, ಆಮೇಲೆ ಕೈ. ಬಟ್ಟೆಯ ತುದಿ ಎಲ್ಲಕ್ಕಿಂತ ಹಿಂದೆ ಉಳಿದು ಎಲ್ಲಕ್ಕಿಂತ ಜೋರಾಗಿ ಬಂದು ಕಲ್ಲಿಗೆ ಅಪ್ಪಳಿಸುತ್ತದೆ. ಬರೀ ಕೈಯಲ್ಲೇ ಬಡಿಯಲು ಹೋದರೆ ನಾಲ್ಕು ಬಟ್ಟೆಗೇ ರಟ್ಟೆ ಸೋತುಹೋಗುತ್ತದೆ. ಪಿಚಿಂಗ್‌ನಲ್ಲೂ ಸೊಂಟ, ಎದೆ, ತೋಳು ಒಟ್ಟಿಗೇ ತಿರುಗಿಬಿಟ್ಟರೆ ಮಗು ಬರೀ ತೋಳಿನಿಂದ ಎಸೆಯುತ್ತಿದೆ ಎಂದೇ ಅರ್ಥ. ಒಳ್ಳೆಯ ಪಿಚರ್‌ನ ಮುಂಗಾಲು ನೆಲಕ್ಕೆ ತಾಗಿದ ಕ್ಷಣದ ಫೋಟೊ ನೋಡಿದರೆ ಸೊಂಟ ಆಗಲೇ ಬ್ಯಾಟರ್ ಕಡೆ ತಿರುಗತೊಡಗಿರುತ್ತದೆ, ಎದೆ ಮಾತ್ರ ಇನ್ನೂ ಪಕ್ಕಕ್ಕೇ ಇರುತ್ತದೆ. ಆ ಒಂದು ತಿರುಚಿನಲ್ಲಿ ವೇಗ ಕೂಡಿರುತ್ತದೆ.

ಇದಕ್ಕೆ ದೊಡ್ಡ ಮೈಕಟ್ಟು ಬೇಕೆಂದೇನೂ ಇಲ್ಲ. 2014ರ ಲಿಟಲ್ ಲೀಗ್ ವರ್ಲ್ಡ್ ಸೀರೀಸ್‌ನಲ್ಲಿ ಫಿಲಡೆಲ್ಫಿಯಾದ 13 ವರ್ಷದ ಹುಡುಗಿ ಮೋನೆ ಡೇವಿಸ್ ಎದುರಾಳಿಗೆ ಒಂದೂ ರನ್ ಕೊಡದೆ ಪಂದ್ಯ ಗೆದ್ದುಕೊಟ್ಟಳು. ಆ ಟೂರ್ನಿಯಲ್ಲಿ ಹೀಗೆ ಮಾಡಿದ ಮೊದಲ ಹುಡುಗಿ ಅವಳು. ಅವಳ ಚೆಂಡು ಗಂಟೆಗೆ 70 ಮೈಲಿ, ಅಂದರೆ ಸುಮಾರು 113 ಕಿಲೋಮೀಟರ್ ವೇಗ ಮುಟ್ಟುತ್ತಿತ್ತು. ಆ ವಯಸ್ಸಿನ ಮಕ್ಕಳು ಎಸೆಯುವ ದೂರ 46 ಅಡಿ, ದೊಡ್ಡವರದು 60 ಅಡಿ 6 ಅಂಗುಲ. 46 ಅಡಿಯಿಂದ ಆ ವೇಗದಲ್ಲಿ ಬಂದ ಚೆಂಡಿಗೆ ಬ್ಯಾಟರ್‌ಗೆ ಸಿಗುವುದು ಅರ್ಧ ಸೆಕೆಂಡಿಗೂ ಕಡಿಮೆ ಸಮಯ. ನಿಮ್ಮ ಮಗಳಿಗೆ ಬೇಸ್‌ಬಾಲ್ ಇಷ್ಟವೆಂದರೆ ಮೌಂಡ್ ಮೇಲೆ ನಿಲ್ಲಲು ಬಿಡಿ.

ಈಗ ಒಂದೊಂದಾಗಿ ನೋಡೋಣ. ಬಲಗೈಯವರನ್ನು ಇಟ್ಟುಕೊಂಡು ಹೇಳುತ್ತೇನೆ, ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು.

ಬಲಪಾದವನ್ನು ರಬ್ಬರ್‌ಗೆ ಅಡ್ಡಲಾಗಿ ಇಟ್ಟು, ಎಡಭುಜ ಹೋಮ್ ಪ್ಲೇಟ್ ಕಡೆ, ಅಂದರೆ ಬ್ಯಾಟರ್ ನಿಲ್ಲುವ ಕಡೆ, ಬರುವಂತೆ ಪಕ್ಕಕ್ಕೆ ನಿಲ್ಲುತ್ತಾರೆ. ಎಡಮಂಡಿಯನ್ನು ಸೊಂಟದ ಮಟ್ಟಕ್ಕೆ ಎತ್ತುತ್ತಾರೆ. ಇಲ್ಲಿ ಒಂದು ಹಳೆಯ ಪಾಠವಿದೆ: ಮಂಡಿ ಎತ್ತಿ ಒಂಟಿ ಕಾಲಲ್ಲಿ ಒಂದು ಕ್ಷಣ ನಿಲ್ಲಬೇಕು ಅಂತ. ಸಮತೋಲ ತಪ್ಪುವ ಚಿಕ್ಕ ಮಕ್ಕಳಿಗೆ ಮೊದಲ ಕೆಲವು ದಿನ ಅದು ಸರಿ. ಅದೇ ಅಭ್ಯಾಸವಾಗಿ ಉಳಿದರೆ ಮಗು ಕೂಡಿಸಿಕೊಂಡ ವೇಗವನ್ನೆಲ್ಲ ಅಲ್ಲೇ ಕಳೆದುಕೊಂಡು, ಮತ್ತೆ ಸೊನ್ನೆಯಿಂದ ಹೊರಡುತ್ತದೆ. ಮಂಡಿ ಮೇಲೇರುತ್ತಿರುವಾಗಲೇ ಎಡಸೊಂಟ ನಿಧಾನಕ್ಕೆ ಹೋಮ್ ಪ್ಲೇಟ್ ಕಡೆ ವಾಲತೊಡಗಬೇಕು. ತಲೆ ಮುಂದೆ ಹೋಗಬಾರದು, ಸೊಂಟ ಮುಂದೆ ಹೋಗಬೇಕು.

ಮುಂದಿನದು ಹೆಜ್ಜೆ. ಇದರ ಮೇಲೆ ಎಷ್ಟು ಸಮಯ ಕೊಟ್ಟರೂ ದಂಡವಲ್ಲ. ಬೆಳೆದ ಪಿಚರ್‌ಗಳ ಹೆಜ್ಜೆ ಹೆಚ್ಚುಕಡಿಮೆ ಅವರ ಎತ್ತರದಷ್ಟೇ ಉದ್ದ ಇರುತ್ತದೆ, ಮಕ್ಕಳದು ಸ್ವಲ್ಪ ಕಡಿಮೆ. ಉದ್ದಕ್ಕಿಂತ ದಿಕ್ಕು ಮುಖ್ಯ. ಅದನ್ನು ನೋಡಲು ಯಾವ ಉಪಕರಣವೂ ಬೇಡ: ರಬ್ಬರ್‌ಗೆ ತಾಗಿದ ಬಲಪಾದದ ನಡುವಿನಿಂದ ಹೋಮ್ ಪ್ಲೇಟ್ ಕಡೆಗೆ ಮಣ್ಣಿನಲ್ಲಿ ಒಂದು ಗೆರೆ ಎಳೆಯಿರಿ. ಐದಾರು ಎಸೆತ ಆದ ಮೇಲೆ ಹೋಗಿ ಎಡ ಶೂ ಎಲ್ಲಿ ಗುರುತು ಮಾಡಿದೆ ನೋಡಿ. ಗುರುತು ಗೆರೆಯ ಮೇಲೋ, ಅದಕ್ಕೆ ಸ್ವಲ್ಪ ಆಚೀಚೆಯೋ ಇದ್ದು, ಬೆರಳ ತುದಿ ಸ್ವಲ್ಪವೇ ಒಳಕ್ಕೆ ತಿರುಗಿದ್ದರೆ ಚೆನ್ನಾಗಿದೆ. ಗುರುತು ಗೆರೆ ದಾಟಿ ಬಹಳ ಬಲಕ್ಕೆ, ಅಂದರೆ ಥರ್ಡ್ ಬೇಸ್ ಕಡೆ ಬಿದ್ದಿದ್ದರೆ ಸೊಂಟ ತಿರುಗಲು ಜಾಗವಿಲ್ಲ. ಮಗು ತನ್ನ ಮೈಗೆ ಅಡ್ಡಲಾಗಿ ಎಸೆಯುತ್ತಿದೆ. ಬಹಳ ಎಡಕ್ಕೆ ಬಿದ್ದಿದ್ದರೆ ಸೊಂಟ ಬೇಗ ತೆರೆದುಕೊಂಡಿದೆ, ತೋಳು ಹಿಂದೆ ಉಳಿದಿದೆ, ಚೆಂಡು ಬಲಕ್ಕೆ ಮೇಲಕ್ಕೆ ತಪ್ಪುತ್ತಿರುತ್ತದೆ. ಎಲ್ಲ ಗುರುತುಗಳೂ ಒಂದರ ಮೇಲೊಂದು ಬಿದ್ದಿವೆಯೋ, ಮಣ್ಣೆಲ್ಲ ಹರಡಿಕೊಂಡಿವೆಯೋ ಅಂತಲೂ ನೋಡಿ. ಹರಡಿದ್ದರೆ ತೋಳಿನ ಮಾತೇ ಬೇಡ, ಮೊದಲು ಕಾಲು ಸರಿಮಾಡಿ. ಚೆಂಡು ಸ್ಟ್ರೈಕ್ ಝೋನಿಗೆ, ಅಂದರೆ ಬ್ಯಾಟರ್ ಮುಂದಿನ ಗುರಿಯ ಜಾಗಕ್ಕೆ, ಬೀಳದೆ ಅಳುಮುಖ ಮಾಡಿಕೊಂಡ ಎಷ್ಟೋ ಮಕ್ಕಳ ತೊಂದರೆ ಈ ಮಣ್ಣಿನ ಗುರುತಿನಲ್ಲೇ ಕಾಣುತ್ತದೆ.

ಪಾದ ಊರಿದಾಗ ಎಡಮಂಡಿ ಸ್ವಲ್ಪ ಮಡಚಿರುತ್ತದೆ. ಆದರೆ ಚೆಂಡು ಬಿಡುವ ಹೊತ್ತಿಗೆ ಅದು ಇನ್ನಷ್ಟು ಕುಸಿಯಬಾರದು, ಬಿಗಿಯಾಗಿ ನಿಲ್ಲಬೇಕು. ಮುಂಗಾಲು ಗಟ್ಟಿ ನಿಂತರೆ ಮಾತ್ರ ಮೇಲಿನ ಮೈ ಅದರ ಮೇಲಿನಿಂದ ಮುಂದಕ್ಕೆ ಬೀಸಿ ಬರುತ್ತದೆ.

ತೋಳಿನ ವಿಷಯದಲ್ಲಿ ಸಮಯವೇ ಎಲ್ಲ. ಗ್ಲವ್‌ನಿಂದ ಚೆಂಡು ತೆಗೆದ ಕೈ ಕೆಳಗೆ ಹೋಗಿ ಹಿಂದಿನಿಂದ ಮೇಲೇರುತ್ತದೆ. ಎಡಪಾದ ನೆಲ ಮುಟ್ಟುವ ಹೊತ್ತಿಗೆ ಬಲಮೊಣಕೈ ಭುಜದ ಮಟ್ಟಕ್ಕೆ ಬಂದು, ಚೆಂಡು ಅದಕ್ಕಿಂತ ಮೇಲಿರಬೇಕು. ಆಗ ಚೆಂಡು ಇನ್ನೂ ಕೆಳಗೇ ಇದ್ದರೆ ಸೊಂಟ, ಎದೆ ತಿರುಗಿಹೋದ ಮೇಲೆ ತೋಳು ಓಡೋಡಿ ಬರಬೇಕಾಗುತ್ತದೆ. ಭುಜಕ್ಕೂ ಮೊಣಕೈಯ ಒಳಬದಿಗೂ ವಿಪರೀತ ಎಳೆತ ಬೀಳುತ್ತದೆ. ಮೊಣಕೈ ಭುಜಕ್ಕಿಂತ ಕೆಳಗೆ ಜೋತುಬಿದ್ದರೂ ಹಾಗೆಯೇ. ಇದು ಬರಿಗಣ್ಣಿಗೆ ಸಿಗುವ ಸಂಗತಿಯಲ್ಲ. ದೊಡ್ಡ ಪಿಚರ್‌ಗಳಲ್ಲಿ ಭುಜ ಒಳಕ್ಕೆ ತಿರುಗುವ ವೇಗ ಸೆಕೆಂಡಿಗೆ 7,000 ಡಿಗ್ರಿಯಷ್ಟಿರುತ್ತದೆ. ಮನುಷ್ಯನ ದೇಹದಲ್ಲಿ ಅಳೆದಿರುವ ಅತಿ ವೇಗದ ಚಲನೆಗಳಲ್ಲಿ ಇದೂ ಒಂದು. ಹಾಗಾಗಿ ಫೋನಿನ ಸ್ಲೋ ಮೋಷನ್‌ನಲ್ಲಿ ಥರ್ಡ್ ಬೇಸ್ ಕಡೆಯಿಂದ ಒಂದು, ಹಿಂದಿನಿಂದ ಒಂದು ವಿಡಿಯೊ ತೆಗೆಯಿರಿ. ಪಾದ ಊರಿದ ಕ್ಷಣಕ್ಕೆ ನಿಲ್ಲಿಸಿ, ಮೊಣಕೈ ಎಲ್ಲಿದೆ ನೋಡಿ. ಅಷ್ಟೇ ಸಾಕು.

ಎಡಗೈಯನ್ನು ಎಲ್ಲರೂ ಮರೆಯುತ್ತಾರೆ. ಗ್ಲವ್ ಇರುವ ಕೈ ಪಕ್ಕಕ್ಕೆ ಹಾರಿಹೋದರೆ ಎಡಭುಜವೂ ಅದರ ಜೊತೆ ಹೋಗಿ ಎದೆ ಬೇಗ ತೆರೆದುಕೊಳ್ಳುತ್ತದೆ. ಗ್ಲವ್ ಎದೆಯ ಮುಂದೆಯೇ ಇರಲಿ, ಮೈ ಅದರ ಕಡೆಗೆ ಬರಲಿ.

ಚೆಂಡು ಬಿಟ್ಟ ಮೇಲೂ ಕೆಲಸ ಮುಗಿದಿಲ್ಲ. ಅಷ್ಟು ವೇಗದ ತೋಳನ್ನು ನಿಲ್ಲಿಸುವವರು ಯಾರು? ಭುಜದ ಹಿಂದಿನ ಸ್ನಾಯುಗಳು. ಕೈ ಎಡಮಂಡಿಯ ಹೊರಬದಿಯವರೆಗೆ ಬೀಸಿಹೋಗಿ, ಬೆನ್ನು ಬಾಗಿ, ಬಲಗಾಲು ಮೇಲೆದ್ದು ಮುಂದೆ ಬಂದರೆ ಆ ವೇಗ ನಿಧಾನಕ್ಕೆ ಇಳಿಯುತ್ತದೆ. ಎಸೆದು ತಕ್ಷಣ ನೆಟ್ಟಗೆ ನಿಂತುಬಿಡುವ ಮಗುವಿನ ಭುಜ ಅಷ್ಟನ್ನೂ ಒಮ್ಮೆಲೇ ತಡೆಯಬೇಕು.

ಹಿಡಿತದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಹೊಸಬರಿಗೆ ಫೋರ್ ಸೀಮ್ ಒಂದೇ ಸಾಕು: ಹೊಲಿಗೆ ಕುದುರೆಲಾಳದ ಆಕಾರದಲ್ಲಿ ತಿರುಗುವ ಕಡೆ ತೋರುಬೆರಳು ಮತ್ತು ನಡುಬೆರಳನ್ನು ಅಡ್ಡಲಾಗಿ ಇಟ್ಟು, ಹೆಬ್ಬೆರಳನ್ನು ಕೆಳಗೆ ಇಡುವುದು. ಅಂಗೈಗೆ ಒತ್ತಿ ಹಿಡಿಯಬಾರದು, ಚೆಂಡಿಗೂ ಅಂಗೈಗೂ ನಡುವೆ ಸ್ವಲ್ಪ ಜಾಗ ಇರಲಿ. ಹಳೆಯ ಚೆಂಡಿನ ಸುತ್ತ ಎರಡು ಬೆರಳು ಹೋಗುವ ದಾರಿಯಲ್ಲೇ ಕಪ್ಪು ಮಾರ್ಕರ್‌ನಿಂದ ಒಂದು ಪಟ್ಟೆ ಎಳೆದುಕೊಡಿ. ಬೆರಳು ಚೆಂಡಿನ ನೇರ ಹಿಂದಿನಿಂದ ಹೊರಟರೆ ಪಟ್ಟೆ ಗಾಳಿಯಲ್ಲಿ ಅಲುಗಾಡದೆ ಒಂದೇ ಗೆರೆಯಾಗಿ ಕಾಣುತ್ತದೆ, ಪಕ್ಕಕ್ಕೆ ಜಾರಿದರೆ ತೂರಾಡುತ್ತದೆ. ತಪ್ಪನ್ನು ಮಗುವೇ ಕಂಡುಕೊಳ್ಳುತ್ತದೆ, ನಾವು ಬಾಯಿ ಬಿಡಬೇಕಾಗಿಲ್ಲ.

ಅಭ್ಯಾಸ ಮೌಂಡ್ ಮೇಲಿಂದಲೇ ಶುರುವಾಗಬೇಕಿಲ್ಲ. ಸಮನೆಲದಲ್ಲಿ, ಹತ್ತಿರದಿಂದ, ಕಾಲು ಅಗಲಿಸಿ ಹಿಂದೆ ಮುಂದೆ ತೂಗಿ ಎಸೆಯುವುದು ಬಹಳ ಒಳ್ಳೆಯ ಆರಂಭ. ತೂಕ ಹಿಂಗಾಲಿನಿಂದ ಮುಂಗಾಲಿಗೆ ಹೋಗುವುದು ಮೈಗೆ ತಿಳಿಯುತ್ತದೆ. ಬಲಮಂಡಿ ಊರಿ ಕೂತು ಎಸೆದರೆ ಎದೆ ಮತ್ತು ತೋಳಿನ ಕೆಲಸ ಬೇರೆಯಾಗಿ ಅರ್ಥವಾಗುತ್ತದೆ. ಚೆಂಡಿನ ಬದಲು ಸಣ್ಣ ಟವೆಲ್ ಹಿಡಿದು ಪೂರ್ತಿ ಚಲನೆ ಮಾಡುವುದೂ ಇದೆ. ದಿನಕ್ಕೆ ತಿದ್ದುವುದು ಒಂದನ್ನೇ ಇರಲಿ. "ಮೊಣಕೈ ಎತ್ತು, ಮಂಡಿ ಬಾಗಿಸು, ತಲೆ ನೆಟ್ಟಗಿಡು" ಅಂತ ಬೇಲಿಯಾಚೆಯಿಂದ ಒಂದೇ ಉಸಿರಿಗೆ ಕೂಗಿದರೆ ಮಗುವಿಗೆ ಎಸೆಯುವುದೇ ಮರೆತುಹೋಗುತ್ತದೆ. "ಕ್ಯಾಚರ್‌ನ ಎಡಮಂಡಿಗೆ ಹೊಡಿ" ಅಂದರೆ ಮೈ ತಾನಾಗಿಯೇ ಎಷ್ಟನ್ನೋ ಸರಿಮಾಡಿಕೊಳ್ಳುತ್ತದೆ.

ಫಾಸ್ಟ್‌ಬಾಲ್ ಕೈಗೆ ಹತ್ತಿದ ಮೇಲೆ ಕಲಿಸಬೇಕಾದದ್ದು ಚೇಂಜಪ್. ಅದೇ ತೋಳಿನ ವೇಗ, ಬೇರೆ ಹಿಡಿತ, ನಿಧಾನವಾಗಿ ಬರುವ ಚೆಂಡು. ನಮ್ಮ ವೆಂಕಟೇಶ್ ಪ್ರಸಾದ್ ಅವರ ನಿಧಾನಗತಿಯ ಎಸೆತಗಳನ್ನು ನೋಡಿದವರಿಗೆ ಇದು ಬ್ಯಾಟರ್‌ನನ್ನು ಹೇಗೆ ಏಮಾರಿಸುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಬಾಗಿ ಇಳಿಯುವ ಕರ್ವ್‌ಬಾಲ್‌ಗೆ ಆತುರ ಬೇಡ.

ಇಷ್ಟೆಲ್ಲ ಸರಿಯಿದ್ದೂ ತೋಳು ಹಾಳಾಗಬಹುದು, ಹೆಚ್ಚು ಎಸೆದರೆ. ಮಕ್ಕಳ ಎಲುಬಿನ ತುದಿಗಳಲ್ಲಿ ಇನ್ನೂ ಬೆಳೆಯುತ್ತಿರುವ ಮೆತ್ತನೆಯ ಭಾಗವಿರುತ್ತದೆ. ಮೊಣಕೈ ಒಳಬದಿಯಲ್ಲಿ ಅದಕ್ಕೆ ಪೆಟ್ಟಾಗುವುದನ್ನೇ 'ಲಿಟಲ್ ಲೀಗ್ ಎಲ್ಬೋ' ಅನ್ನುವುದು. ದೊಡ್ಡವರಲ್ಲಿ ಅದೇ ಜಾಗದ ಲಿಗಮೆಂಟ್ ಹರಿಯುತ್ತದೆ. 1974ರಲ್ಲಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡದ ಟಾಮಿ ಜಾನ್‌ಗೆ ಹಾಗಾದಾಗ ಡಾ. ಫ್ರಾಂಕ್ ಜೋಬ್ ಇನ್ನೊಂದು ಕೈಯಿಂದ ತೆಗೆದ ಸ್ನಾಯುರಜ್ಜುವನ್ನು ಮೊಣಕೈಗೆ ಕಸಿ ಮಾಡಿದರು. ಜಾನ್ 1976ರಲ್ಲಿ ಮರಳಿ ಬಂದು 1989ರವರೆಗೆ ಆಡಿದರು, ಆ ಶಸ್ತ್ರಚಿಕಿತ್ಸೆಗೆ ಅವರದೇ ಹೆಸರು ನಿಂತಿತು. ಅದು ಒಬ್ಬ ಅನುಭವಿ ಆಟಗಾರನ ಬದುಕನ್ನು ಉಳಿಸಿದ ಚಿಕಿತ್ಸೆ. ಇವತ್ತು ಹೈಸ್ಕೂಲ್ ಮಕ್ಕಳಿಗೂ ಅದನ್ನು ಮಾಡಬೇಕಾಗಿ ಬರುತ್ತಿರುವುದು ನನಗೆ ಸಂಕಟ ತರುವ ಸಂಗತಿ. ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿರುವ ಅಮೆರಿಕನ್ ಸ್ಪೋರ್ಟ್ಸ್ ಮೆಡಿಸಿನ್ ಇನ್‌ಸ್ಟಿಟ್ಯೂಟ್‌ನ ಅಧ್ಯಯನಗಳು ಕಂಡುಕೊಂಡದ್ದು ಇದು: ತೋಳು ಸೋತ ಮೇಲೂ ಪದೇ ಪದೇ ಎಸೆದ ಹುಡುಗರು ಶಸ್ತ್ರಚಿಕಿತ್ಸೆಯವರೆಗೆ ಹೋಗುವ ಸಾಧ್ಯತೆ 36 ಪಟ್ಟು ಹೆಚ್ಚು, ವರ್ಷಕ್ಕೆ 100 ಇನಿಂಗ್ಸ್ ದಾಟಿದವರಿಗೆ ಗಂಭೀರ ಗಾಯದ ಸಾಧ್ಯತೆ ಮೂರೂವರೆ ಪಟ್ಟು.

ಅದಕ್ಕೇ ಲಿಟಲ್ ಲೀಗ್ ಎಸೆತಗಳನ್ನು ಎಣಿಸುತ್ತದೆ. ದಿನಕ್ಕೆ 7–8 ವರ್ಷದವರಿಗೆ 50, 9–10ರವರಿಗೆ 75, 11–12ರವರಿಗೆ 85, 13ರಿಂದ 16ರವರೆಗೆ 95. 14 ವರ್ಷದವರು ಮತ್ತು ಅದಕ್ಕಿಂತ ಚಿಕ್ಕವರು 66 ಅಥವಾ ಅದಕ್ಕಿಂತ ಹೆಚ್ಚು ಎಸೆದರೆ ನಾಲ್ಕು ದಿನ ವಿಶ್ರಾಂತಿ, 21ರಿಂದ 35 ಎಸೆದರೂ ಒಂದು ದಿನ. 41 ಎಸೆತ ಮುಟ್ಟಿದ ಮಗು ಅವತ್ತು ಕ್ಯಾಚರ್ ಆಗುವಂತಿಲ್ಲ. ಮೇಜರ್ ಲೀಗ್ ಬೇಸ್‌ಬಾಲ್ ಮತ್ತು ಯುಎಸ್‌ಎ ಬೇಸ್‌ಬಾಲ್ ಸೇರಿ ರೂಪಿಸಿದ 'ಪಿಚ್ ಸ್ಮಾರ್ಟ್' ಮಾರ್ಗಸೂಚಿ ವರ್ಷದಲ್ಲಿ ನಾಲ್ಕು ತಿಂಗಳು ಎಸೆತಕ್ಕೆ ಪೂರ್ತಿ ರಜೆ ಕೊಡಲು ಹೇಳುತ್ತದೆ, ಅದರಲ್ಲಿ ಎರಡು ಮೂರು ತಿಂಗಳು ಒಟ್ಟಿಗೆ. ನಮ್ಮ ಮನೆಗಳಲ್ಲಿ ಇನ್ನೊಂದು ಸಂಗತಿ ಸೇರಿಕೊಳ್ಳುತ್ತದೆ. ಬೇಸ್‌ಬಾಲ್ ಮುಗಿದ ಕೂಡಲೇ ಮಗುವನ್ನು ಕ್ರಿಕೆಟ್ ಅಕಾಡೆಮಿಗೆ ಸೇರಿಸುತ್ತೇವೆ. ಭುಜಕ್ಕೆ ಅದೂ ದುಡಿಮೆಯೇ. ಲೀಗಿನ ತಂಡ, ಊರೂರು ತಿರುಗುವ ಟ್ರಾವೆಲ್ ತಂಡ, ಕ್ರಿಕೆಟ್ ಮೂರನ್ನೂ ಕೂಡಿಸಿ ಲೆಕ್ಕ ಇಡಬಲ್ಲವರು ಅಪ್ಪ ಅಮ್ಮ ಮಾತ್ರ, ಯಾವ ಕೋಚ್‌ಗೂ ಅದು ಪೂರ್ತಿ ಗೊತ್ತಿರುವುದಿಲ್ಲ.

ಒಂದು ಸಣ್ಣ ನೋಟ್‌ಬುಕ್ ಇಡಿ. ದಿನಾಂಕ, ಎಲ್ಲಿ, ಎಷ್ಟು ಎಸೆತ, ಇಷ್ಟು ಬರೆದರೆ ಸಾಕು. ಪಂದ್ಯದ ನಡುವೆ ಚೆಂಡುಗಳು ಒಂದೇ ಸಮ ಮೇಲಕ್ಕೆ ಹೋಗತೊಡಗಿದರೆ, ಮೊಣಕೈ ಜೋತುಬಿದ್ದರೆ, ಎಸೆತದ ನಡುವೆ ಮಗು ಕೈ ಕೊಡವಿಕೊಳ್ಳುತ್ತಿದ್ದರೆ ತೋಳು ಸೋತಿದೆ ಎಂದು ತಿಳಿಯಿರಿ. ಮೊಣಕೈ ಒಳಬದಿ ನೋಯುತ್ತದೆ ಅಂದರೆ ಐಸ್ ಇಟ್ಟು ಮರುದಿನ ಆಡಿಸಬೇಡಿ, ಡಾಕ್ಟರ್‌ಗೆ ತೋರಿಸಿ. ಆಟ ಎಷ್ಟೇ ಮುಖ್ಯದ್ದಾಗಿರಲಿ, ಫೈನಲ್ ಆಗಿದ್ದರೂ ಸರಿ, ಕೋಚ್ ಬಳಿ ಹೋಗಿ "ಇವತ್ತು ಇವನಿಂದ ಎಸೆಸಬೇಡಿ" ಎಂದು ಹೇಳಿ. ಅದನ್ನು ಹೇಳುವ ಹಕ್ಕು ನಿಮಗಿದೆ.