ಹೊಗೆಪೆಟ್ಟಿಗೆ

ಹೊಗೆಗೆ ನಮ್ಮ ಮಾತಿನಲ್ಲಿ ಒಳ್ಳೆಯ ಹೆಸರಿಲ್ಲ. ಅಸೂಯೆ ಹೊಗೆಯಾಡುತ್ತದೆ, ದಾಯಾದಿಗಳ ಜಗಳ ಹೊಗೆಯಾಡುತ್ತದೆ, ಬೆಂಕಿಯಿಲ್ಲದೆ ಹೊಗೆಯಿಲ್ಲವೆಂದು ಹೇಳಿ ಊರವರು ಯಾರದೋ ಮಾನ ತೆಗೆಯುತ್ತಾರೆ. ಆದರೆ ಅಡಿಗೆಮನೆಯ ಚರಿತ್ರೆಯಲ್ಲಿ ಈ ಅಪಕೀರ್ತಿಯ ವಸ್ತುವಿಗೆ ಗೌರವದ ಸ್ಥಾನವೊಂದುಂಟು. ತಂಪುಪೆಟ್ಟಿಗೆ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಮನುಷ್ಯನು ಮಾಂಸವನ್ನೂ ಮೀನನ್ನೂ ಕೆಡದಂತೆ ಕಾಪಾಡಿಕೊಂಡದ್ದು ಉಪ್ಪು, ಬಿಸಿಲು, ಹೊಗೆ ಎಂಬ ಮೂರರ ನೆರವಿನಿಂದ. ಸೇಡಂ ತಾಲ್ಲೂಕಿನ ಆಡಕಿಯಲ್ಲಿರುವ ನಮ್ಮ ಮನೆಯ ಅಂಗಳಕ್ಕೆ ಈಚೆಗೆ ವಿದ್ಯುತ್ತಿನಿಂದ ನಡೆಯುವ ಮಾಂಸದ ಹೊಗೆಪೆಟ್ಟಿಗೆಯೊಂದು, ಅಂಗಡಿಯವರ ಭಾಷೆಯಲ್ಲಿ 'ಎಲೆಕ್ಟ್ರಿಕ್ ಸ್ಮೋಕರ್', ಬಂದು ನಿಂತಿದೆ. ಅಂದಿನಿಂದ ಈ ಮೂರರ ಸಂಬಂಧವನ್ನು ಕುರಿತು ಆಲೋಚಿಸುವ ಅವಕಾಶ ನನಗೆ ದೊರೆತಿದೆ.

ಇವುಗಳಲ್ಲಿ ಯಾವುದನ್ನು ಆಶ್ರಯಿಸಬೇಕೆಂಬುದನ್ನು ಬಹುಮಟ್ಟಿಗೆ ಊರಿನ ಹವೆಯೇ ತೀರ್ಮಾನಿಸುತ್ತದೆ. ಕೊಡಗಿನಲ್ಲಿ ಮಳೆಗಾಲವೆಂದರೆ ತಿಂಗಳುಗಟ್ಟಲೆ ಸೂರ್ಯದರ್ಶನವಿಲ್ಲ. ಅಲ್ಲಿನ ಹಳೆಯ ಮನೆಗಳಲ್ಲಿ ಹಂದಿಯ ಮಾಂಸವನ್ನು ಉಪ್ಪು ಅರಿಸಿನ ಸವರಿ ಒಲೆಯ ಮೇಲ್ಗಡೆ ತೂಗುಹಾಕುತ್ತಿದ್ದರು. ಕೆಳಗೆ ಅನ್ನ ಬೇಯುತ್ತಿದ್ದರೆ ಮೇಲೆ ಮಾಂಸ ಹೊಗೆ ಕುಡಿಯುತ್ತಿತ್ತು. ನಮ್ಮ ಸೀಮೆಯ ಮಾತೇ ಬೇರೆ. ಕಾಗಿಣಾ ನದಿಯ ಈ ಬಯಲಿನಲ್ಲಿ ವೈಶಾಖದ ಬಿಸಿಲು 42 ಡಿಗ್ರಿ ಮುಟ್ಟುವುದು ಸಾಮಾನ್ಯ. ಕೆಳಗೆ ಹಾಸುಗಲ್ಲು, ಮೇಲೆ ಬೆಂಕಿಯ ಆಕಾಶ. ಆದ್ದರಿಂದ ಇಲ್ಲಿಯವರು ಹೊಗೆಯನ್ನು ನೆಚ್ಚಬೇಕಾಗಿರಲಿಲ್ಲ. ಮಾಂಸವನ್ನು ತೆಳ್ಳಗೆ ಉದ್ದುದ್ದ ಸೀಳಿ, ಉಪ್ಪು, ಅರಿಸಿನ, ಖಾರ ಹಚ್ಚಿ, ಮಾಳಿಗೆಯ ಮೇಲೆ ದಾರಕ್ಕೆ ನೇತುಹಾಕಿದರೆ ಕೆಲವೇ ದಿನಗಳಲ್ಲಿ ಅದು ತೊಗಲಿನಂತೆ ಗಟ್ಟಿಯಾಗುತ್ತಿತ್ತು. ಇದೇ ಒಣಖಂಡ, ದಖನಿ ಮಾತಾಡುವ ಮನೆಗಳಲ್ಲಿ ಸುಕ್ಕಾ ಗೋಷ್ತ್. ಬಕ್ರೀದಿನ ನಂತರ ಇಂಥ ದಾರಗಳು ಇಂದಿಗೂ ಅಲ್ಲಲ್ಲಿ ಕಾಣುತ್ತವೆ.

ಹಾಗಾದರೆ ಆಡಕಿಗೆ ಹೊಗೆಪೆಟ್ಟಿಗೆಯೇಕೆ? ರುಚಿಗಾಗಿ ಎಂಬುದೇ ಪ್ರಾಮಾಣಿಕವಾದ ಉತ್ತರ. ಕೊಡಗಿನ ಗೆಳೆಯರೊಬ್ಬರ ಮನೆಯಲ್ಲಿ ಉಂಡ ರುಚಿ ನಾಲಿಗೆಯನ್ನು ಬಿಟ್ಟಿರಲಿಲ್ಲ. ಪೆಟ್ಟಿಗೆಯ ರಚನೆ ಬಹಳ ಸರಳ. ಉಕ್ಕಿನ ಕಪಾಟು, ಅದರ ತಳದಲ್ಲಿ ಕಾಯುವ ತಂತಿ, ತಂತಿಯ ಮೇಲೆ ಮರದ ಚಕ್ಕೆಯ ತಟ್ಟೆ, ಅದರ ಮೇಲೆ ನೀರಿನ ತಟ್ಟೆ, ಮೇಲುಮೇಲೆ ಜಾಳಿಗೆಗಳು, ನೆತ್ತಿಯಲ್ಲಿ ಹೊಗೆಗಿಂಡಿ, ಶಾಖವನ್ನು ಅಳತೆಯಲ್ಲಿಡುವ ಒಂದು ನಿಯಂತ್ರಕ. ಕೊಳ್ಳುವವರು ಮೊದಲು ನೋಡಬೇಕಾದದ್ದು ಹೊಳಪನ್ನಲ್ಲ, ಹಿಂಬದಿಗೆ ಅಂಟಿಸಿದ ಚೀಟಿಯನ್ನು. ಇಂಥ ಯಂತ್ರಗಳು ಬಹಳವಾಗಿ ಅಮೆರಿಕಕ್ಕಾಗಿ ತಯಾರಾದವು. ಅಲ್ಲಿ ವಿದ್ಯುತ್ತು 120 ವೋಲ್ಟು, ನಮ್ಮಲ್ಲಿ 230. ವೋಲ್ಟು ಇಮ್ಮಡಿಯ ಹತ್ತಿರ ಬಂದರೆ ಶಾಖವೂ ಇಮ್ಮಡಿಯಾಗುತ್ತದೆಂದು ಭಾವಿಸಬಾರದು; ಅದು ವರ್ಗದ ಪ್ರಮಾಣದಲ್ಲಿ ಏರುತ್ತದೆ. 120 ವೋಲ್ಟಿಗೆಂದು ಮಾಡಿದ 800 ವಾಟಿನ ತಂತಿ ನಮ್ಮ ಗೋಡೆಯ ವಿದ್ಯುತ್ತಿಗೆ ಸಿಕ್ಕಿದರೆ ಹತ್ತಿರ ಹತ್ತಿರ ಮೂರು ಸಾವಿರ ವಾಟು ಎಳೆದು ಸುಟ್ಟುಹೋಗುತ್ತದೆ. 230 ವೋಲ್ಟಿನದನ್ನೇ ಕೇಳಿ ತರುವುದು ಕ್ಷೇಮ. ನಮ್ಮದು 800 ವಾಟಿನದು. ಆರು ಗಂಟೆ ಎಡೆಬಿಡದೆ ಉರಿದರೂ ಐದು ಯೂನಿಟ್ಟಿಗೆ ಕಡಿಮೆಯೇ.

ಹೂಡುವ ಕೆಲಸದಲ್ಲಿ ಊರಿನ ಸೊತ್ತೇ ನೆರವಾಯಿತು. ಪೆಟ್ಟಿಗೆಯನ್ನು ಬಯಲಿನಲ್ಲಿ, ಗೋಡೆಗೂ ಹುಲ್ಲಿಗೂ ದೂರವಾಗಿ, ಅಲುಗದ ನೆಲದ ಮೇಲಿಡಬೇಕು. ಶಹಾಬಾದಿನ ಹಾಸುಗಲ್ಲಿಗಿಂತ ಉತ್ತಮವಾದ ಪೀಠ ಇದಕ್ಕೆ ಇನ್ನಾವುದಿದ್ದೀತು? ಅದು ಉರಿಯದು, ಎಣ್ಣೆ ಬಿದ್ದರೆ ತೊಳೆಯಬಹುದು. ನೀರು, ಕೊಬ್ಬು, ಕಬ್ಬಿಣ ಮೂರೂ ಕೂಡುವ ಯಂತ್ರವಾದ್ದರಿಂದ ಭೂಮಿಯ ತಂತಿ ಸರಿಯಾಗಿರಲೇಬೇಕು. ಬೇಸಿಗೆಯಲ್ಲಿ ನಮ್ಮ ನೆಲ ಒಣಗಿ ಬಿರಿಯುವುದರಿಂದ, ಇದ್ದಿಲು ಉಪ್ಪು ತುಂಬಿದ ಗುಂಡಿಗೆ ಆಗಾಗ ನೀರು ಹೊಯ್ಯಬೇಕಾಗುತ್ತದೆ. ಮೊದಲ ದಿನ ಮಾಂಸವಿಡುವಂತಿಲ್ಲ. ಒಳಮೈಗೆ ಎಣ್ಣೆ ಸವರಿ, ಬರಿಯ ಪೆಟ್ಟಿಗೆಯನ್ನು 135 ಡಿಗ್ರಿಯಲ್ಲಿ ಮೂರು ಗಂಟೆ ಕಾಯಿಸಿ, ಕೊನೆಯ ಮುಕ್ಕಾಲು ಗಂಟೆ ಚಕ್ಕೆ ಹಾಕಿ ಹೊಗೆಯೂಡಿಸಬೇಕು. ಹೊಸ ರೊಟ್ಟಿಯ ಹಂಚನ್ನು ಪಳಗಿಸುವಂತೆಯೇ ಇದು.

ಇನ್ನು ಕಟ್ಟಿಗೆ. ಇದು ತೊಗರಿಯ ನಾಡು. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆತಿದೆ. ಆದರೆ ಹೊಲದ ತುಂಬ ಸಿಗುವ ತೊಗರಿಕಟ್ಟಿಗೆ ಸರಕ್ಕನೆ ಉರಿದುಹೋಗುತ್ತದೆ. ಹೊಗೆಗೆ ಬೇಕಾದದ್ದು ನಿಧಾನವಾಗಿ ಕಮರುವ ಗಟ್ಟಿಮರ. ಮಾವು, ಪೇರಲ, ಹುಣಿಸೆ ಒಳ್ಳೆಯವು. ಬೇವಿನ ಹೊಗೆ ಕಹಿ. ಮರವನ್ನು ಗಟ್ಟಿಯಾಗಿ ಹಿಡಿದಿಡುವ ಲಿಗ್ನಿನ್ ಎಂಬ ದ್ರವ್ಯ ಬಿಸಿಗೆ ಒಡೆದಾಗ ಹೊರಬರುವ ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ಫೀನಾಲುಗಳೇ ಹೊಗೆಯ ಪರಿಮಳಕ್ಕೆ ಮೂಲ. ಅವು ಕೊಬ್ಬು ಕಮಟಾಗದಂತೆಯೂ ತಡೆಯುತ್ತವೆ. ದಟ್ಟವಾದ ಬಿಳಿ ಹೊಗೆ ಕಹಿಯನ್ನು ತರುತ್ತದೆ. ಕಂಡೂ ಕಾಣದಂತಿರುವ ತೆಳು ನೀಲಿಯ ಹೊಗೆಯೇ ಹಿತವಾದದ್ದು.

ಕುರಿಯ ತೊಡೆಯನ್ನಿಟ್ಟು ಪೆಟ್ಟಿಗೆಯನ್ನು 110 ಡಿಗ್ರಿಗೆ ನಿಲ್ಲಿಸಿದರೆ ಮಾಂಸದ ಒಳಶಾಖ ಮೊದಲು ಚುರುಕಾಗಿ ಏರುತ್ತದೆ. 70ರ ಆಸುಪಾಸಿಗೆ ಬಂದು ಗಂಟೆಗಟ್ಟಲೆ ಅಲ್ಲಿಯೇ ನಿಲ್ಲುತ್ತದೆ. ಹೊಸಬರು ಯಂತ್ರ ಕೆಟ್ಟಿತೆಂದು ಗಾಬರಿಗೊಳ್ಳುವುದು ಇಲ್ಲಿಯೇ. ಮಣ್ಣಿನ ಗಡಿಗೆಯನ್ನು ಬಲ್ಲ ನಮಗೆ ಇದು ಒಗಟಾಗಬಾರದು: ಮೈಯಿಂದ ನೀರು ಆವಿಯಾಗಿ ಹೋಗುವಾಗ ಶಾಖವನ್ನೂ ಒಯ್ಯುತ್ತದೆ, ಗಡಿಗೆಯ ನೀರು ತಣ್ಣಗಾಗುವುದೂ ಮಾಂಸ ತಡೆದು ನಿಲ್ಲುವುದೂ ಒಂದೇ ಕಾರಣದಿಂದ. ಕೋಳಿಯಾದರೆ ಒಳಗಿನ ಶಾಖ 74 ಡಿಗ್ರಿ ಮುಟ್ಟಲೇಬೇಕು. ಹೊಗೆ ಹಿಡಿದ ಮಾತ್ರಕ್ಕೆ ಮಾಂಸ ಕೆಡದೆಂಬ ನಂಬಿಕೆ ಅಪಾಯಕರ. ಪೆಟ್ಟಿಗೆಯಿಂದ ಬಂದದ್ದು ಬೇಯಿಸಿದ ಅಡಿಗೆಯಷ್ಟೆ, ಅದನ್ನು ತಂಪುಪೆಟ್ಟಿಗೆಯಲ್ಲಿಯೇ ಇಡಬೇಕು. ಶೀತದೇಶದವರು ಮಾಡುವ ತಣ್ಣನೆಯ ಹೊಗೆಗಾರಿಕೆಗೆ 30 ಡಿಗ್ರಿಗೆ ಒಳಗಾದ ಗಾಳಿ ಬೇಕು. ನಮ್ಮ ಬೇಸಿಗೆಯಲ್ಲಿ ಗಾಳಿಯೇ ಅದನ್ನು ಮೀರಿರುವುದರಿಂದ ಅದರ ಮಾತು ಬೇಡ.

ಹೀಗೆ ಒಂದು ಸಂಜೆ ಹೊಗೆಗಿಂಡಿಯಿಂದ ಎಳೆಯಾಗಿ ಹೊಗೆ ಏಳುತ್ತಿದ್ದಾಗ ನೆರೆಮನೆಯ ವೃದ್ಧೆಯೊಬ್ಬರು ಬಂದು ಬಹಳ ಹೊತ್ತು ನೋಡಿ, "ನಾವು ಒಲಿ ಮುಂದ ಕುಂತು ಪುಕ್ಕಟ ಕುಡದ ಹೊಗಿ. ನೀವು ರೊಕ್ಕಾ ಕೊಟ್ಟು ತಂದೀರೇನಪ?" ಎಂದರು. ಎಲ್ಲರೂ ನಕ್ಕೆವು. ಆಮೇಲೆ ಆ ಮಾತು ನನ್ನನ್ನು ಬಿಡಲಿಲ್ಲ. ಹೊಗೆಯ ರುಚಿಯನ್ನು ಹಾಡಿ ಹೊಗಳುವ ನಾವು ಆ ರುಚಿಯ ಬೆಲೆಯನ್ನು ತೆತ್ತ ಕಣ್ಣುಗಳನ್ನು ನೆನೆಯುವುದು ಅಪರೂಪ. ಮನೆಯೊಳಗಿನ ಹೊಗೆಯಿಂದ 2020ರಲ್ಲಿ ಲೋಕದಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆ ಬಡವರ ಮನೆಗೆ ಅನಿಲದ ಒಲೆ ತಂದಾಗ ಹಳೆಯ ರುಚಿ ಹೋಯಿತೆಂದು ಗೊಣಗಿದವರು ಒಲೆಯ ಮುಂದೆ ಕುಳಿತವರಲ್ಲ. ಹೊಗೆಯನ್ನು ಶ್ವಾಸಕೋಶದಿಂದ ಬಿಡಿಸಿ ಅಂಗಳದಲ್ಲಿ ಕಪಾಟಿನೊಳಗೆ ಕೂಡಿಹಾಕಿದ್ದು ಈ ಯಂತ್ರದ ನಿಜವಾದ ಹಿರಿಮೆಯೆಂದು ನನಗೆ ತೋರುತ್ತದೆ.

ಆದರೆ ಇನ್ನೊಂದು ಅನ್ಯಾಯ ಉಳಿದೇ ಇದೆ. ಪೆಟ್ಟಿಗೆಯ ಮಾಂಸವನ್ನು ತಟ್ಟೆಯಲ್ಲಿಟ್ಟರೆ ಅತಿಥಿಗಳು ಹೆಸರು ಕೇಳಿ ತಿಳಿದುಕೊಳ್ಳುತ್ತಾರೆ. ದಾರದ ಖಂಡವನ್ನು ಕಂಡರೆ ಅದೇ ಅತಿಥಿಗಳು ಮೂಗು ಮುರಿಯುತ್ತಾರೆ. ಇಲ್ಲಿಂದ ಬಹು ದೂರವಲ್ಲದ ಕಲ್ಯಾಣದಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸುಮಾರು 1129ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಅರಸರಿಗಾಗಿ ಮಾಂಸ ಸುಡುವ ವಿಧಾನಗಳಿವೆ. ಬಡವರ ಒಣಖಂಡಕ್ಕೆ ಅಂಥ ಆಸ್ಥಾನ ದೊರೆಯಲಿಲ್ಲ. ನೆರೆಯ ಮರಾಠವಾಡದ ಶಾಹು ಪಾಟೋಳೆಯವರು 2015ರಲ್ಲಿ ಪ್ರಕಟವಾದ 'ಅನ್ನ ಹೇ ಅಪೂರ್ಣಬ್ರಹ್ಮ' ಎಂಬ ಮರಾಠಿ ಪುಸ್ತಕದಲ್ಲಿ ದಲಿತರ ಅಡಿಗೆಯ ಸಂಗತಿಗಳನ್ನು, ಬಿಸಿಲಿಗೆ ಒಣಗಿಸಿದ ಮಾಂಸದ ಪಟ್ಟಿಗಳನ್ನೂ ಸೇರಿಸಿ, ಸಂಕೋಚವಿಲ್ಲದೆ ಬರೆದಿದ್ದಾರೆ. ನಮ್ಮ ಸೀಮೆಯ ಕನ್ನಡಕ್ಕೂ ಅಂಥ ಬರವಣಿಗೆ ಬೇಕು.

ಹೊಗೆಪೆಟ್ಟಿಗೆ ಹಬ್ಬದ ವಸ್ತುವಾಗಿರಲಿ, ನಿತ್ಯದ್ದಾಗುವುದು ಬೇಡ. ಹೊಗೆಯೂಡಿಸಿದ್ದೂ ಸೇರಿದಂತೆ ಸಂಸ್ಕರಿಸಿದ ಮಾಂಸ ಕ್ಯಾನ್ಸರಿಗೆ ಕಾರಣವಾಗುತ್ತದೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿಯೇ ಸಾರಿದೆ. ಹಾಗೆಯೇ, ಪೆಟ್ಟಿಗೆ ತಂದವರು ಮಾಳಿಗೆಯ ದಾರವನ್ನು ಕಿತ್ತೆಸೆಯುವ ಮುನ್ನ ಮನೆಯ ಹಿರಿಯ ಹೆಂಗಸರನ್ನು ಕೇಳಲಿ: ಸೀಳು ಎಷ್ಟು ತೆಳ್ಳಗಿರಬೇಕು, ಉಪ್ಪು ಎಷ್ಟು ಹಿಡಿ, ನೊಣ ಕಾಗೆಗಳಿಂದ ಕಾಯುವುದು ಹೇಗೆ, ಒಣಗಿತೆಂದು ಬೆರಳು ತಿಳಿಯುವುದು ಹೇಗೆ, ಬೇಳೆ ಹುಣಿಸೆಹಣ್ಣಿನ ಜೊತೆ ಅದನ್ನು ಕುದಿಸುವುದು ಎಷ್ಟು ಹೊತ್ತು. ಯಂತ್ರದೊಡನೆ ಹಲವು ಭಾಷೆಗಳ ಕೈಪಿಡಿಯೇ ಬಂದಿದೆ. ದಾರಕ್ಕೆ ಕೈಪಿಡಿಯಿಲ್ಲ, ತಿಳಿದವರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದುಕೊಳ್ಳಬೇಕು.