ಪುಸ್ತಕಶಾಲೆಯ ಯಂತ್ರವೂ ಬಳಸುವವರ ಧರ್ಮವೂ

ಊರ ಬಾವಿಯಲ್ಲಿ ನೀರು ಸೇದುವುದಕ್ಕೆ ಬರೆದಿಟ್ಟ ಕಾನೂನೇನೂ ಇರಲಿಲ್ಲ. ಆದರೂ ತನ್ನ ಕೊಡವು ತುಂಬಿದೊಡನೆ ಹಗ್ಗವನ್ನು ಮುಂದಿನವರ ಕೈಗೆ ಕೊಡಬೇಕು, ಕಟ್ಟೆಯ ಮೇಲೆ ಕೊಳೆಯನ್ನು ತೊಳೆಯಬಾರದು, ಸೇದಿ ಮಿಕ್ಕ ನೀರನ್ನು ಮರಳಿ ಬಾವಿಗೆ ಸುರಿಯಬಾರದು ಎಂಬುದನ್ನು ನಮ್ಮ ತಾಯಂದಿರು ಬಲ್ಲವರಾಗಿದ್ದರು. ಎಲ್ಲ ಜನರನ್ನೂ ಆ ಬಾವಿಗಳ ಬಳಿಗೆ ಸೇರಿಸದಿದ್ದುದು ಆ ಕಾಲದ ದೊಡ್ಡ ದೋಷ. ಅದನ್ನು ಮರೆಮಾಚುವುದು ನಮ್ಮ ಉದ್ದೇಶವಲ್ಲ. ಈಗ ಮತ್ತೊಂದು ಬಗೆಯ ಬಾವಿಯು ಊರಿಗೆ ಬಂದಿದೆ. ಸಾರ್ವಜನಿಕ ಪುಸ್ತಕಶಾಲೆಯ ಮೂಲೆಯಲ್ಲಿರುವ ಕಂಪ್ಯೂಟರೂ ಅದರಲ್ಲಿ ಹರಿದುಬರುವ ಇಂಟರ್ನೆಟ್ಟೂ ಅದೇ ಸರಿ. ಇಲ್ಲಿ ಕುಲವನ್ನು ಕೇಳುವವರಿಲ್ಲ. ಸಿರಿವಂತನಿಗೊಂದು ಹಗ್ಗ, ಬಡವನಿಗೊಂದು ಹಗ್ಗವೆಂಬುದಿಲ್ಲ. ಆದುದರಿಂದಲೇ ಇದರ ಮರ್ಯಾದೆಗಳನ್ನು ಮನೆಮಂದಿಯೆಲ್ಲರೂ ತಿಳಿದಿರುವುದು ಅವಶ್ಯವೆಂದು ನಮಗೆ ತೋರುತ್ತದೆ.

ಈ ಸೌಕರ್ಯವು ಯಾರೋ ಪುಣ್ಯಾತ್ಮರು ದಾನವಾಗಿ ಕೊಟ್ಟುದಲ್ಲ. ನಮ್ಮ ನಾಡಿನಲ್ಲಿ ಸಾರ್ವಜನಿಕ ಗ್ರಂಥಾಲಯಗಳ ಶಾಸನವು 1965ರಲ್ಲಿ ಆಯಿತು. ಅಂದಿನಿಂದ ಮನೆಗಂದಾಯದೊಡನೆ ಗ್ರಂಥಾಲಯದ ಕರವನ್ನೂ ನಾವು ಕೊಡುತ್ತ ಬಂದಿದ್ದೇವೆ. ನಮ್ಮ ದೇಶದ ಜನಸಾಮಾನ್ಯರಿಗೆ ಇಂಟರ್ನೆಟ್ಟು ದೊರೆತುದು 1995ನೆಯ ಇಸವಿಯ ಆಗಸ್ಟ್ 15ರಂದು. 2019ರಲ್ಲಿ ಹಳ್ಳಿಯ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಯ ವಶಕ್ಕೆ ಬಂದ ತರುವಾಯ, ‘ಅರಿವು ಕೇಂದ್ರ’ವೆಂಬ ಹೆಸರಿನಿಂದ ಅನೇಕ ಪಂಚಾಯಿತಿಗಳಲ್ಲಿ ಕಂಪ್ಯೂಟರುಗಳು ಕಾಣಿಸಿಕೊಂಡವು. ನಮ್ಮ ಊರಿಗೂ ಎರಡು ಬಂದವು. ಎರಡು ಯಂತ್ರ, ಇನ್ನೂರು ಮನೆ. ನಿಯಮಗಳು ಹುಟ್ಟುವುದು ಈ ಲೆಕ್ಕದಿಂದಲೇ ಎಂಬುದನ್ನು ವಾಚಕರು ಮನಸ್ಸಿನಲ್ಲಿಡಬೇಕು.

ಗೋಡೆಯ ಮೇಲೆ ನಿಯಮಗಳ ಹಲಗೆಯನ್ನು ತೂಗುಹಾಕಿದ ದಿನ ನಾವು ಒಳಗೊಳಗೆ ನಕ್ಕೆವು. ಮೂವತ್ತು ವರ್ಷಕಾಲ ಮಕ್ಕಳಿಗೆ ನಿಯಮವನ್ನು ಹೇಳಿದವರಿಗೆ ಇನ್ನಾರು ನಿಯಮವನ್ನು ಹೇಳುವುದು? ‘ನಿಯಮ’ವೆಂಬ ಶಬ್ದವು ಬಿಗಿಹಿಡಿಯುವುದೆಂಬ ಅರ್ಥದ ‘ಯಮ್’ ಧಾತುವಿನಿಂದ ಬಂದುದು. ‘ಯಂತ್ರ’ ಶಬ್ದಕ್ಕೂ ಅದೇ ಮೂಲವನ್ನು ಹೇಳುವುದುಂಟು. ಇದನ್ನು ತರಗತಿಯಲ್ಲಿ ಎಷ್ಟೋ ಸಲ ಹೇಳಿದ್ದೆವು. ಅದರ ಅರ್ಥವು ತಿಳಿದುದು ಮಾತ್ರ ಕಳೆದ ಮಳೆಗಾಲದ ಒಂದು ಸಂಜೆ.

ಆ ದಿನ ನಾವು ಯಂತ್ರದ ಮುಂದೆ ಕುಳಿತು ಒಂದು ಹಳೆಯ ಸಂಸ್ಕೃತ ವ್ಯಾಖ್ಯಾನವನ್ನು ಓದುತ್ತಿದ್ದೆವು. ಎಂದೋ ಕೇಳಿ, ಎಲ್ಲಿಯೂ ಸಿಕ್ಕದೆ, ಆಸೆ ಬಿಟ್ಟಿದ್ದ ಗ್ರಂಥವದು. ಕಾದಿರುವವರಿದ್ದರೆ ಅರ್ಧ ಗಂಟೆಗೆ ಮೀರಿ ಕೂರಬಾರದೆಂದು ಹಲಗೆಯ ಮೇಲೆ ಸ್ಪಷ್ಟವಾಗಿಯೇ ಇದ್ದಿತು. ಒಂದು ಗಂಟೆಯೂ ಮೀರಿತು. ಮೇಲ್ವಿಚಾರಕನು ನಮ್ಮ ಶಿಷ್ಯ. ಗುರುಗಳನ್ನು ಎಬ್ಬಿಸುವುದು ಹೇಗೆಂದು ಸುಮ್ಮನಿದ್ದನು. ಮತ್ತೊಂದು ಯಂತ್ರವು ಕೆಟ್ಟುನಿಂತಿತ್ತು. ಕೊನೆಗೆ ಕನ್ನಡಕವನ್ನು ಒರಸಿಕೊಳ್ಳುತ್ತ ಹಿಂದಿರುಗಿ ನೋಡಿದರೆ, ನಮ್ಮ ಬೀದಿಯ ದರ್ಜಿಯವರ ಮಗಳು ಕಾಗದಗಳ ಚೀಲವನ್ನು ಎದೆಗೊತ್ತಿಕೊಂಡು ನಿಂತಿದ್ದಳು.

ವಿದ್ಯಾರ್ಥಿವೇತನದ ಅರ್ಜಿಗೆ ಅಂದೇ ಕಡೆಯ ದಿನ. ಪುಸ್ತಕಶಾಲೆಯ ಬಾಗಿಲು ಮುಚ್ಚುವುದಕ್ಕೆ ಉಳಿದಿದ್ದುದು ಕಾಲು ಗಂಟೆ. ಆಕೆ ಕುಳಿತಳು. ಅಂಕಪಟ್ಟಿಯ ಚಿತ್ರವು ಅರ್ಧ ಏರಿತು, ನಿಂತಿತು, ಮತ್ತೆ ಮೊದಲಿನಿಂದ ಆರಂಭವಾಯಿತು. ಅಷ್ಟರಲ್ಲಿ ದೀಪವಾರಿಸುವ ಹೊತ್ತಾಯಿತು. ತಂದೆಯೂ ಮಗಳೂ ಕಡೆಯ ಬಸ್ಸು ಹಿಡಿದು ತಾಲ್ಲೂಕಿನ ಪೇಟೆಗೆ ಹೋಗಿ, ಅಲ್ಲಿಯ ಒಂದು ಅಂಗಡಿಯಲ್ಲಿ ಹಣ ತೆತ್ತು ನಡುರಾತ್ರಿಯೊಳಗೆ ಅರ್ಜಿಯನ್ನು ಮುಟ್ಟಿಸಿದರಂತೆ. ಹಿಂದಿರುಗಲು ಬಸ್ಸಿಲ್ಲದೆ ನಿಲ್ದಾಣದ ಕಲ್ಲುಬೆಂಚಿನ ಮೇಲೆಯೇ ಬೆಳಗು ಮಾಡಿದರು. ಮರುದಿನ ನಾವು ಅವರ ಮನೆಗೆ ಹೋಗಿ ತಪ್ಪಾಯಿತೆಂದು ಹೇಳಿದಾಗ ಆ ಹುಡುಗಿಯು, “ಇರಲಿ ಬಿಡಿ ಮೇಷ್ಟ್ರೇ, ನೀವು ಓದ್ತಾ ಇದ್ರಿ, ಹೇಗೆ ಎಬ್ಬಿಸೋದು ಅಂತ ಸುಮ್ನಿದ್ದೆ” ಎಂದಳು. ಬೈದಿದ್ದರೆ ಮನಸ್ಸಿಗೆ ಸಮಾಧಾನವಾಗುತ್ತಿತ್ತು.

ಗ್ರಂಥಾಲಯಶಾಸ್ತ್ರದ ಆಚಾರ್ಯರೆನಿಸಿದ ಎಸ್. ಆರ್. ರಂಗನಾಥನ್ ಅವರು 1931ರಲ್ಲಿ ಐದು ಸೂತ್ರಗಳನ್ನು ಪ್ರಕಟಿಸಿದರು. ಅವರು ಬೆಂಗಳೂರಿನಲ್ಲಿಯೇ ನೆಲೆಸಿ, 1962ರಲ್ಲಿ ಈ ಶಾಸ್ತ್ರದ ಸಂಶೋಧನೆಗೂ ಶಿಕ್ಷಣಕ್ಕೂ ಒಂದು ಕೇಂದ್ರವನ್ನು ಅಲ್ಲಿ ಸ್ಥಾಪಿಸಿದವರು. ಆ ಐದರಲ್ಲಿ ಒಂದು ಸೂತ್ರವು ಓದುಗನ ಕಾಲವನ್ನು ಕುರಿತದ್ದು. ಕಾಲವನ್ನು ಕಾಯಬೇಕಾದವನು ಗ್ರಂಥಪಾಲಕನೊಬ್ಬನೇ ಅಲ್ಲ, ಓದುಗನಿಗೆ ಓದುಗನೂ ಕಾಯಬೇಕೆಂಬುದನ್ನು ನಾವು ಅಂದು ಕಲಿತೆವು. ಆದುದರಿಂದ ಮೊದಲನೆಯ ಧರ್ಮವಿದು: ದಾಖಲೆಯ ಪುಸ್ತಕದಲ್ಲಿ ಹೆಸರನ್ನೂ ಹೊತ್ತನ್ನೂ ಬರೆಯಿರಿ, ನಿಮ್ಮ ಹೊತ್ತು ಮುಗಿದೊಡನೆ ಏಳಿರಿ. ಹಿರಿಯರು ತಾವಾಗಿಯೇ ಏಳಬೇಕು. ಏಕೆಂದರೆ ಕಿರಿಯರು ಅವರನ್ನು ಎಬ್ಬಿಸಲಾರರು. ಅರ್ಜಿ ಹಾಕುವವರಿದ್ದರೆ ವಿನೋದಕ್ಕೆ ಕುಳಿತವರು ಸ್ಥಳ ಬಿಡುವುದು ಲೇಸು.

ಆ ಹುಡುಗಿಗೆ ಇನ್ನೊಂದು ಚಿಂತೆಯೂ ಇದ್ದಿತು. ಅವಸರದಲ್ಲಿ ಆಧಾರಿನ ಪ್ರತಿಯನ್ನು ಅಂಗಡಿಯ ಯಂತ್ರದಲ್ಲಿಯೇ ಉಳಿಸಿ ಬಂದಿದ್ದಳು. ಇದರಿಂದ ಎರಡನೆಯ ಧರ್ಮವು ಹೊರಡುತ್ತದೆ: ಎದ್ದು ಹೋಗುವಾಗ ನಿಮ್ಮ ಗುರುತನ್ನು ಹಿಂದೆ ಬಿಡಬೇಡಿರಿ. ಪತ್ರವ್ಯವಹಾರದ ಖಾತೆಯನ್ನು ತೆರೆದಿದ್ದರೆ ‘ಲಾಗ್ ಔಟ್’ ಮಾಡತಕ್ಕದ್ದು. ಕಿಟಕಿಯನ್ನು ಮುಚ್ಚಿದ ಮಾತ್ರಕ್ಕೆ ಖಾತೆಯು ಮುಚ್ಚುವುದಿಲ್ಲ. ಪಾಸ್‌ವರ್ಡನ್ನು ನೆನಪಿಟ್ಟುಕೊಳ್ಳಲೇ ಎಂದು ಯಂತ್ರವು ಕೇಳಿದರೆ ಬೇಡವೆನ್ನಿರಿ. ಇಳಿಸಿಕೊಂಡ ಕಾಗದಗಳನ್ನು ಅಳಿಸಿ, ಅಳಿಸಿದವು ಹೋಗಿ ಬೀಳುವ ಕಸದ ಬುಟ್ಟಿಯನ್ನೂ ಬರಿದು ಮಾಡಿರಿ. ಗುರುತುಳಿಸದ ಖಾಸಗಿ ಕಿಟಕಿಯೊಂದು ಯಂತ್ರದಲ್ಲಿಯೇ ಉಂಟು. ಅದನ್ನು ತೆರೆದು ಕೆಲಸ ಮಾಡುವುದು ಇನ್ನೂ ಉತ್ತಮ. ಆದರೆ ಅದರಲ್ಲಿಯೂ ಇಳಿಸಿಕೊಂಡ ಕಾಗದಗಳು ಉಳಿದೇ ಇರುವುವು.

ಮೂರನೆಯದು ಹಣದ ವಿಷಯ. ಹತ್ತು ಜನರು ಮುಟ್ಟುವ ಯಂತ್ರದಲ್ಲಿ ಬ್ಯಾಂಕಿನ ವ್ಯವಹಾರವನ್ನು ಮಾಡದಿರುವುದೇ ಕ್ಷೇಮ. ಒತ್ತಿದ ಅಕ್ಷರಗಳನ್ನೆಲ್ಲ ಕದ್ದು ಬರೆದುಕೊಳ್ಳುವ ಉಪಾಯಗಳುಂಟು. ಅವು ಕಣ್ಣಿಗೆ ಕಾಣುವುದಿಲ್ಲ. ವಿಳಾಸದ ಪಕ್ಕದಲ್ಲಿ ಬೀಗದ ಚಿತ್ರವು ಕಂಡರೆ ದಾರಿಯು ಭದ್ರವೆಂದು ಅರ್ಥವೇ ಹೊರತು, ದಾರಿಯ ಕೊನೆಯಲ್ಲಿರುವವನು ಸಜ್ಜನನೆಂದು ಅರ್ಥವಲ್ಲ. ಓ.ಟಿ.ಪಿ.ಯನ್ನು ಯಾರು ಕೇಳಿದರೂ ಹೇಳಬಾರದು. ಹಣವನ್ನು ಪಡೆಯುವುದಕ್ಕೆ ಪಿನ್ ಸಂಖ್ಯೆಯನ್ನು ಒತ್ತಬೇಕಾದುದಿಲ್ಲ. ಒತ್ತೆಂದು ಹೇಳುವವನು ವಂಚಕನೆಂದೇ ತಿಳಿಯಿರಿ. ಮೋಸವಾದರೆ ನಾಚಿ ಕೂರದೆ, ಆ ಗಳಿಗೆಯಲ್ಲಿಯೇ 1930 ಎಂಬ ಸಂಖ್ಯೆಗೆ ಟೆಲಿಫೋನು ಮಾಡಿ ದೂರು ಕೊಡತಕ್ಕದ್ದು. ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟ.

ನಾಲ್ಕನೆಯದು ನೆರೆಯವರ ವಿಷಯದಲ್ಲಿ ಮರ್ಯಾದೆ. ಪಕ್ಕದವರ ಪರದೆಯನ್ನು ಇಣಿಕಿ ನೋಡುವುದು ಅನ್ಯರ ಕಾಗದವನ್ನು ಒಡೆದು ಓದಿದಂತೆ. ಹಾಡು ಮಾತುಗಳನ್ನು ಕೇಳುವವರು ಕಿವಿಗೆ ಸಾಧನವನ್ನು ಇಟ್ಟುಕೊಳ್ಳಲಿ. ಮಕ್ಕಳು ಓಡಾಡುವ ಸ್ಥಳದಲ್ಲಿ ಅಸಭ್ಯವಾದುದನ್ನು ತೆರೆಯುವುದು ಹೇಯವಾದ ಕಾರ್ಯ. ಅಶ್ಲೀಲವಾದುದನ್ನು ಇಂಟರ್ನೆಟ್ಟಿನಲ್ಲಿ ಹರಡುವುದು 2000ನೆಯ ಇಸವಿಯ ಮಾಹಿತಿ ತಂತ್ರಜ್ಞಾನ ಕಾಯಿದೆಯಂತೆ ದಂಡನಾರ್ಹವಾದ ಅಪರಾಧ. ಅನ್ಯರ ಪಾಸ್‌ವರ್ಡನ್ನು ವಂಚನೆಯಿಂದ ಬಳಸಿದರೆ ಅದೇ ಕಾಯಿದೆಯಲ್ಲಿ ಮೂರು ವರ್ಷಗಳವರೆಗೆ ಸೆರೆವಾಸವುಂಟು. ಮನೆಯಿಂದ ತಂದ ಪೆನ್‌ಡ್ರೈವನ್ನು ಮೇಲ್ವಿಚಾರಕನಿಗೆ ಹೇಳದೆ ಚುಚ್ಚಬಾರದು. ಒಬ್ಬರ ಮನೆಯ ವೈರಸ್ಸು ಊರಿನ ಯಂತ್ರವನ್ನೇ ಮಲಗಿಸೀತು.

ಗೃಹಿಣಿಯರಿಗೆ ಒಂದು ಮಾತು. ಚಿಕ್ಕ ಮಕ್ಕಳನ್ನು ಕಳುಹಿಸುವಾಗ ಮೊದಮೊದಲು ಜೊತೆಯಲ್ಲಿ ಹೋಗಿ ಕುಳಿತುಕೊಳ್ಳಿರಿ. ಕಾವಲಿಗಾಗಿ ಮಾತ್ರವಲ್ಲ, ನೀವೂ ಕಲಿಯುವುದಕ್ಕಾಗಿ. ಪಡಿತರ ಚೀಟಿ, ಪಿಂಚಣಿ, ಪಹಣಿ ಇವೆಲ್ಲವೂ ಇಂದು ಆ ಪರದೆಯ ಹಿಂದೆಯೇ ಇವೆ. ತಿಳಿಯದುದನ್ನು ಕೇಳುವುದಕ್ಕೆ ಸಂಕೋಚಪಡಬೇಡಿರಿ. ಮೇಲ್ವಿಚಾರಕನು ದಾರಿ ತೋರಿಸಲಿ, ಆದರೆ ಪಾಸ್‌ವರ್ಡನ್ನು ನಿಮ್ಮ ಕೈಯಿಂದಲೇ ಒತ್ತಿರಿ.

ಆ ಹುಡುಗಿಗೆ ವಿದ್ಯಾರ್ಥಿವೇತನವು ದೊರೆಯಿತು. ಈಗ ಅವಳು ರಜೆಗೆ ಊರಿಗೆ ಬಂದಾಗ ಪುಸ್ತಕಶಾಲೆಯಲ್ಲಿ ಕುಳಿತು ಹೆಂಗಸರಿಗೆ ಅರ್ಜಿ ತುಂಬುವುದನ್ನು ಕಲಿಸುತ್ತಾಳೆ. ನಾವು ಆ ವ್ಯಾಖ್ಯಾನವನ್ನು ಇನ್ನೂ ಓದುತ್ತಿದ್ದೇವೆ. ದಿನಕ್ಕೆ ಅರ್ಧ ಗಂಟೆ. ಏಳುವ ಮೊದಲು ಹಿಂದಿರುಗಿ ನೋಡುವುದು ಈಗ ನಮಗೆ ಅಭ್ಯಾಸವಾಗಿದೆ.