ಪಂಚವಟಿಯ ಮಣ್ಣಿನಲ್ಲಿರುವ ಮೂಲಧನ

ಮುಂಬಯಿ, ಪುಣೆಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಪಂಚವಟಿಯು ಅಪರಿಚಿತವಾದ ಸ್ಥಳವಲ್ಲ. ಶಿರಡಿಗೋ ತ್ರ್ಯಂಬಕೇಶ್ವರಕ್ಕೋ ಹೊರಟವರು ರಾಮಕುಂಡದಲ್ಲಿ ಮಿಂದು, ಕಾಳಾರಾಮನ ದರ್ಶನ ಪಡೆದು ಹಿಂದಿರುಗುವುದು ವಾಡಿಕೆ. ರಾಮಾಯಣದ ನೆನಪು ತುಂಬಿರುವ ಈ ಗೋದಾವರೀ ತೀರವು, ಬರವಣಿಗೆಯೇ ಇಲ್ಲದಿದ್ದ ಕಾಲದ ಮಾನವನ ಕಥೆಯನ್ನೂ ತನ್ನ ಮಣ್ಣಿನಲ್ಲಿ ಅಡಗಿಸಿಕೊಂಡಿದೆ ಎಂಬುದು ಬಹುಮಂದಿಗೆ ತಿಳಿಯದು.

ಈ ಕಥೆಯನ್ನು ಬೆಳಕಿಗೆ ತಂದವರಲ್ಲಿ ಅಗ್ರಗಣ್ಯರು ಪುಣೆಯ ಡೆಕ್ಕನ್ ಕಾಲೇಜಿನ ಡಾ. ಎಚ್. ಡಿ. ಸಂಕಾಲಿಯಾ. ನಾಸಿಕದಿಂದ ನದಿಯ ಮೇಲ್ಗಡೆಗಿರುವ ಗಂಗಾಪುರದ ಬಳಿ ಹಳೆಯ ಶಿಲಾಯುಗದ ಕೈಗೊಡಲಿ ಮುಂತಾದ ಕಲ್ಲಿನ ಆಯುಧಗಳನ್ನು ಅವರು ಅಧ್ಯಯನ ಮಾಡಿ, 1952ರಲ್ಲಿ ಗ್ರಂಥವನ್ನು ಪ್ರಕಟಿಸಿದರು. 1950-51ರಲ್ಲಿ ಡಾ. ಎಸ್. ಬಿ. ದೇವ್ ಅವರೊಡನೆ, ಪಂಚವಟಿಯ ಎದುರುದಡದಲ್ಲಿರುವ ‘ಮಣ್ಣಿನ ಗಢಿ’ ಎಂಬ ದಿಬ್ಬದಲ್ಲಿಯೂ ಪ್ರವರಾ ನದಿಯ ದಡದ ಜೋರ್ವೆಯಲ್ಲಿಯೂ ಉತ್ಖನನ ನಡೆಸಿದರು. ದಿಬ್ಬದ ಕೆಳಸ್ತರಗಳಲ್ಲಿ ತಾಮ್ರಶಿಲಾಯುಗದ ಚಿತ್ರಿತ ಮಡಕೆಗಳೂ ಸೂಕ್ಷ್ಮ ಶಿಲಾಯುಧಗಳೂ ದೊರೆತವು.

ಆದರೆ ಉತ್ಖನನವೆಂಬುದು ಒಮ್ಮೆ ಮಾತ್ರ ಓದಬಹುದಾದ ಪುಸ್ತಕ. ಪುಟ ತಿರುವಿದೊಡನೆ ಅದು ಹರಿದುಹೋಗುತ್ತದೆ. 1949ರಲ್ಲಿ ಲಿಬ್ಬಿ ಅವರು ಪ್ರಕಟಿಸಿದ ಇಂಗಾಲ-14 ಕಾಲಗಣನೆಗೆ ಬೇಕಾದ ಪ್ರಯೋಗಾಲಯ ಆಗ ಭಾರತದಲ್ಲಿ ಇರಲಿಲ್ಲ. ಇಂದು ಮಡಕೆಗೆ ಅಂಟಿದ ಕೊಬ್ಬಿನಿಂದ ಅಡಿಗೆಯನ್ನೂ, ಹಲ್ಲಿನಿಂದ ಆಹಾರವನ್ನೂ ರೋಗವನ್ನೂ ತಿಳಿಯಬಹುದು. ನಾಳೆಯ ವಿಜ್ಞಾನ ಇನ್ನೂ ಹೆಚ್ಚು ಹೇಳೀತು; ಆದರೆ ಕೇಳುವುದಕ್ಕೆ ಮಣ್ಣು ಉಳಿದಿರಬೇಕು.

ಈ ವಿವೇಕಕ್ಕೆ ನಾಸಿಕದಲ್ಲಿಯೇ ಒಂದು ನಿದರ್ಶನವಿದೆ. ನಗರದ ಹೊರಗಿನ ಪಾಂಡವಲೇಣಿಯ ಹತ್ತನೆಯ ಗುಹೆಯಲ್ಲಿ ನಹಪಾನನ ಅಳಿಯ ಋಷಭದತ್ತನ ಶಾಸನವಿದೆ. ಅವನು ಭಿಕ್ಷುಗಳಿಗಾಗಿ 3000 ಕಾರ್ಷಾಪಣಗಳನ್ನು ನೇಕಾರರ ಶ್ರೇಣಿಗಳಲ್ಲಿ ಠೇವಣಿಯಿಟ್ಟನು: 2000ಕ್ಕೆ ತಿಂಗಳಿಗೆ ಶೇಕಡಾ 1, ಉಳಿದ 1000ಕ್ಕೆ ಶೇಕಡಾ ಮುಕ್ಕಾಲು ಬಡ್ಡಿ. ಮೊದಲನೆಯದರಿಂದ ವರ್ಷಕ್ಕೆ ಬರುವ 240ರಲ್ಲಿ 20 ಭಿಕ್ಷುಗಳಿಗೆ ತಲಾ 12ರಂತೆ ವಸ್ತ್ರದ ವೆಚ್ಚ. ಅಸಲನ್ನು ಹಿಂದಕ್ಕೆ ಕೊಡತಕ್ಕದ್ದಲ್ಲ, ಬಡ್ಡಿಯನ್ನು ಮಾತ್ರ ಅನುಭವಿಸತಕ್ಕದ್ದು ಎಂಬುದೇ ಅದರ ನಿಬಂಧನೆ. ಪ್ರಾಚೀನ ನೆಲೆಗಳೂ ಇಂತಹ ಅಕ್ಷಯನಿಧಿಯೇ. ಜ್ಞಾನವೆಂಬ ಬಡ್ಡಿ ನಮ್ಮದು, ಅಸಲು ಮುಂದಿನವರದು.

ಆದರೆ ಅಸಲು ಕರಗುತ್ತಿದೆ. ಗಢಿಯ ಮೇಲೆ ಜನವಸತಿ ಬೆಳೆಯಿತು. ನದಿಯ ಬದಿಯ ಅಂಚು ಮಳೆಗಾಲಗಳಲ್ಲಿ ಕುಸಿಯುತ್ತ ಬಂದಿದೆ. ಅಲ್ಲಿಯ ಬಡಕುಟುಂಬಗಳ ಸುರಕ್ಷೆ ಮೊದಲ ಕರ್ತವ್ಯವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ತಡೆಗೋಡೆಗೆ ಗುದ್ದಲಿ ಹಾಕುವ ಮೊದಲು ತಜ್ಞರು ಸ್ತರಗಳನ್ನು ಪರಿಶೀಲಿಸಿ ದಾಖಲಿಸಿದರೆ ಜನರೂ ಉಳಿಯುವರು, ಚರಿತ್ರೆಯೂ ಉಳಿಯುವುದು. ಸಿಂಹಸ್ಥ ಮೇಳದ ರಸ್ತೆ, ಘಾಟುಗಳ ಕೆಲಸಕ್ಕೂ ಇದೇ ನಿಯಮ ಸಲ್ಲಬೇಕು. 1958ರ ಪ್ರಾಚೀನ ಸ್ಮಾರಕಗಳ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯು ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳ ಸುತ್ತ 100 ಮೀಟರು ನಿಷೇಧಿತ ವಲಯವೆಂದೂ, ಅದರಾಚೆ 200 ಮೀಟರು ನಿಯಂತ್ರಿತ ವಲಯವೆಂದೂ ವಿಧಿಸಿದೆ. ಆದರೆ ಹೊಲದಲ್ಲಿ ಬಿದ್ದಿರುವ ಕೈಗೊಡಲಿಗೆ ಬೇಲಿಯಿಲ್ಲ. ಅದಕ್ಕೆ ತಿಳಿವಳಿಕೆಯೇ ಕಾವಲು.

ನಮ್ಮ ತಾಯ್ನಾಡಿನಲ್ಲಿಯೂ ಇಂತಹ ಸಂಪತ್ತಿದೆ. ಯಾದಗಿರಿ ಜಿಲ್ಲೆಯ ಇಸಾಂಪುರದಲ್ಲಿ ಡೆಕ್ಕನ್ ಕಾಲೇಜಿನವರೇ ಆದ ಪ್ರೊ. ಕೆ. ಪದ್ದಯ್ಯನವರು ಶೋಧಿಸಿದ ಶಿಲಾಯುಧ ತಯಾರಿಕೆಯ ನೆಲೆಯ ಪ್ರಾಯ ಸುಮಾರು 12 ಲಕ್ಷ ವರ್ಷಗಳೆಂದು ಅಂದಾಜಾಗಿದೆ. ಊರಿನ ಜಮೀನಿನಲ್ಲಿ ಬಾವಿ ತೋಡಿಸುವಾಗ ಹಳೆಯ ಮಡಕೆ, ಮೂಳೆ, ಆಯುಧಗಳು ಕಂಡರೆ ಕೆಲಸ ನಿಲ್ಲಿಸಿ, ಪುರಾತತ್ತ್ವ ಇಲಾಖೆಗೆ ತಿಳಿಸುವುದು ನಮ್ಮ ಕರ್ತವ್ಯ. ಸಿಕ್ಕಿದ ಸ್ಥಳದಿಂದ ಕಿತ್ತು ಮನೆಯ ಬೀರುವಿನಲ್ಲಿಟ್ಟ ಆಯುಧ ಬರಿಯ ಕಲ್ಲಾಗಿ ಬಿಡುತ್ತದೆ.

ಮುಂದಿನ ಬಾರಿ ಪಂಚವಟಿಗೆ ಹೋದವರು ದೇವದರ್ಶನವಾದ ಮೇಲೆ ಮಕ್ಕಳಿಗೆ ಎದುರುದಡದ ದಿಬ್ಬವನ್ನೂ ತೋರಿಸಲಿ. ತಾವು ಕಂಡುದನ್ನು ಕಾಪಾಡುವವರು ಅವರೇ ಅಲ್ಲವೇ?